ಬಿಟ್ಟ ಮನೆ ನಮ್ಮದು, ಇದ್ದ ಮನೆ ಅಮ್ಮನದು

ನಮ್ಮ ಅತ್ತೆ ಮೇಣವನ್ನು ಮೂಗಿನಿಂದ ಆರಿಸುತ್ತಿದ್ದರು. ಒಂದು ಚೂರನ್ನು ಅಂಗೈಯಲ್ಲಿ ತಿಕ್ಕಿ, ಬೆಚ್ಚಗಾದ ಮೇಲೆ ಮೂಗಿನ ಹತ್ತಿರ ಹಿಡಿದರೆ ಸಾಕು, ಅದು ಹೆಜ್ಜೇನಿನದೋ ತುಡುವೆಯದೋ, ಹೊಂಗೆ ಹೂವಿನ ಕಾಲದ್ದೋ ಹುಣಸೆ ಹೂವಿನ ಕಾಲದ್ದೋ ಹೇಳಿಬಿಡುವರು. ನಾನು ನಾಗಮಂಗಲದ ಎರಕದವರ ಮನೆ ಮಗಳು. ಮೇಣ, ಮೂಸೆ, ತಿದಿಗಳ ನಡುವೆಯೇ ಬೆಳೆದವಳು. ಆದರೂ ಶ್ರೀರಂಗಪಟ್ಟಣದ ಗಂಜಾಂ ಪೇಟೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಆ ಮೂಗು ಕಂಡು ಬೆರಗಾಗಿದ್ದೆ.

ನಮ್ಮ ಮನೆಯಲ್ಲಿ ದೀಪ, ಗಂಟೆ, ದೇವರ ಮುಖಗಳನ್ನು ಎರಕ ಹೊಯ್ಯುತ್ತಿದ್ದರು. ಮೊದಲು ಮೇಣದಲ್ಲಿ ಆಕಾರ ತಿದ್ದಬೇಕು. ಅದರ ಮೇಲೆ ಹುತ್ತದ ಮಣ್ಣು ಮೆತ್ತಿ, ಒಣಗಿಸಿ, ಬೆಂಕಿಗೆ ಕೊಟ್ಟರೆ ಒಳಗಿನ ಮೇಣ ಕರಗಿ ಹರಿದುಹೋಗುತ್ತದೆ. ಅದು ಖಾಲಿ ಮಾಡಿಕೊಟ್ಟ ಜಾಗಕ್ಕೆ ಕಾದ ಕಂಚು ಸುರಿಯುವುದು. ಸುರಿಯುವುದು ಗಂಡಸರ ಕೆಲಸ, ಮೇಣ ತಿದ್ದುವುದು ಅತ್ತೆಯದು. ಆ ಮೇಣವೂ ಮಣ್ಣೂ ಪಕ್ಕದ ಅಕ್ಕಸಾಲಿಗರಿಗೆ ಬೇಕಾದ ಅರಗೂ ಬರುತ್ತಿದ್ದುದು ಒಂದೇ ಕಡೆಯಿಂದ. ಅದು ಪೇಟೆಯ ಬೆನ್ನಿಗೆ, ಹೊಳೆ ದಂಡೆಯಲ್ಲಿದ್ದ, ಊರ ದೇವತೆ ಅಮ್ಮನ ಬನ.

ಸುತ್ತಲೂ ಸಂತೆ, ಗಾಡಿ, ಕುದುರೆ, ಮಗ್ಗದ ಸದ್ದು. ನಡುವೆ ಈ ಬನವೊಂದು ಹಾಗೇ ಉಳಿದಿತ್ತು. ಅಲ್ಲಿ ಕೊಡಲಿ ಹಾಕುವಂತಿಲ್ಲ. ಬಿದ್ದದ್ದನ್ನು ತರಬಹುದು, ಖಾಲಿಯಾದದ್ದನ್ನು ತರಬಹುದು. ಹೆಜ್ಜೇನು ಎದ್ದುಹೋದ ಮೇಲೆ ಉಳಿದ ಮೇಣದ ಹಲ್ಲೆ ನಮ್ಮದು, ಹುಳ ಸತ್ತ ಮೇಲಿನ ಅರಗು ನಮ್ಮದು, ಗೆದ್ದಲು ತೊರೆದ ಹುತ್ತದ ಮಣ್ಣು ನಮ್ಮದು. ನಮ್ಮ ಆಚಾರಿ ಬೀದಿಯ ಹೆಂಗಸರು ಇದನ್ನು ಒಂದು ಮಾತಿನಲ್ಲಿ ಮುಗಿಸುತ್ತಿದ್ದರು: "ಬಿಟ್ಟ ಮನೆ ನಮ್ದು, ಇದ್ದ ಮನೆ ಅಮ್ಮಂದು." ಬಿಟ್ಟ ಮನೆಗೂ ನಮಗಿಂತ ಮೊದಲೊಬ್ಬ ಹಕ್ಕುದಾರನಿದ್ದ. ಮೇಣ ತಿನ್ನುವ ಸಣ್ಣ ಬಿಳಿ ಹುಳ. ಜೇನು ಎದ್ದ ಸುದ್ದಿ ಬಂತೆಂದರೆ ಅತ್ತೆ ಒಲೆಯ ಮೇಲಿನ ಎಸರನ್ನೂ ಬಿಟ್ಟು ಓಡುತ್ತಿದ್ದುದು ಆ ಹುಳದ ಜೊತೆ ಪಂದ್ಯ ಕಟ್ಟಿ.

ಅವರಿಗೆ ಒಂದು ಆಸೆ ಮಾತ್ರ ಕೈಗೂಡಿರಲಿಲ್ಲ. ನಸರಿ ಜೇನಿನ ಮೇಣ. ನಸರಿ ಎಂದರೆ ಸೊಳ್ಳೆಯಷ್ಟೇ ಗಾತ್ರದ, ಕುಟುಕದ ಜೇನು. ಅದರ ಮೇಣ ಕಪ್ಪು, ಜಿಗುಟು. ಕೂದಲೆಳೆಯಷ್ಟು ಸಣ್ಣಗೆ ಎಳೆದರೂ ತುಂಡಾಗುವುದಿಲ್ಲ. ದೇವರ ಮುಖದ ಹುಬ್ಬು ತಿದ್ದಲು ಅದಕ್ಕಿಂತ ಬೇರೆ ಇಲ್ಲ ಎಂದು ಅವರ ತಾಯಿ ಹೇಳಿದ್ದರಂತೆ. ಬನದಲ್ಲಿ ನಸರಿ ಹಾರಾಡುವುದು ಕಾಣುತ್ತಿತ್ತು, ಗೂಡು ಯಾವ ಮರದಲ್ಲಿದೆಯೋ ಯಾರಿಗೂ ಸಿಕ್ಕಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಪೇಟೆಯಲ್ಲಿ ತಮಟೆ ಬಡಿಯಿತು.

"ಕೇಳ್ರಪ್ಪೋ ಕೇಳಿ. ಉಳ ಸಾಕೋ ಮರಕ್ಕೆ ಯಾರೂ ಕೊಡ್ಲಿ ಆಕ್ಬಾರ್ದು. ಆಕ್ದೋರ್ಗೆ ಕೋಟೆಯಿಂದ ಸಜಾ."

ಎದುರು ಮನೆಯ ಕುಲುಮೆ ದೊಡ್ಡಪ್ಪ ಸುತ್ತಿಗೆ ಕೆಳಗಿಟ್ಟು ಹೊರಗೆ ಬಂದರು. "ಲೇ, ನಮ್ಮನೆ ನುಗ್ಗೆ ಮರ್ದಲ್ಲಿ ಕಂಬ್ಳಿ ಉಳ ತುಂಬ್ಕಂಡವೆ ಕಣ್ಲಾ. ಸೊಪ್ಪು ಕಿತ್ರೂ ಸಜಾನಾ?"

"ನಂಗೇನ್ ಗೊತ್ತು? ಏನ್ ಯೋಳ್ಕೊಟ್ರೋ ಅದ್ನೇ ಯೋಳ್ದೆ," ಎಂದು ತಮಟೆಯವನು ಮುಂದಿನ ಬೀದಿಗೆ ಹೋದ.

ಅರಮನೆಯವರ ಮನಸ್ಸಿನಲ್ಲಿ ಇದ್ದದ್ದು ರೇಷ್ಮೆ ಹುಳ. ಆಗಷ್ಟೇ ದೂರದ ಸೀಮೆಯಿಂದ ತರಿಸಿ, ಅಲ್ಲಲ್ಲಿ ಹಿಪ್ಪುನೇರಳೆ ನೆಡಿಸುತ್ತಿದ್ದರು. ಆಚಾರಿ ಬೀದಿಯಲ್ಲಿ ಅದನ್ನು ಕಂಡವರು ಯಾರು? ನಮ್ಮ ಬಾಯಲ್ಲಿ ಹುಳ ಎಂದರೆ ಇರುವೆಯಿಂದ ಜೇನಿನವರೆಗೆ ಹರಿಯುವ, ಹಾರುವ, ಕೊರೆಯುವ ಸಮಸ್ತವೂ ಹುಳವೇ. ಅಲ್ಲಿಂದ ಮುಂದೆ ಬೀದಿಯಲ್ಲಿ ನುಗ್ಗೆ ಸೊಪ್ಪಿನ ಸಾರು ನಿಂತುಹೋಯಿತು. ಹಿತ್ತಲ ನಿಂಬೆ ಗಿಡವನ್ನು ಚಿಟ್ಟೆಯ ಮರಿಗಳು ಬೋಳು ಮಾಡುತ್ತಿದ್ದರೂ ಯಾರೂ ಕೊಡವಲಿಲ್ಲ. ಅತ್ತೆಯಂತೂ ದಿನವೂ ಕೋಟೆಯ ಕಡೆ ತಿರುಗಿ ಕೈ ಮುಗಿಯುವರು. "ದೊರೆಗೆ ಬುದ್ಧಿ ಅಂದ್ರೆ ಬುದ್ಧಿ ಕಣವ್ವ. ಉಳದ್ ಕಷ್ಟ ಯಾರ್ ಕೇಳಿದ್ರು ಇಷ್ಟ್ ದಿನ?"

ಬೇಸಿಗೆ ಕಳೆಯುವ ಹೊತ್ತಿಗೆ ಅದೇ ಕೋಟೆಯಿಂದ ಇನ್ನೊಂದು ಸುದ್ದಿ ಬಂತು. ಫಿರಂಗಿ ಎರಕಕ್ಕೆ ಇದ್ದಿಲು ಸಾಲದು, ಹೊಳೆ ದಂಡೆಯ ಬನ ಕಡಿಸಬೇಕು ಎಂದು. ಅತ್ತಿಕುಪ್ಪೆ ಕಡೆಯಿಂದ ಇದ್ದಿಲು ಸುಡುವವರು ಕೊಡಲಿ ಹೊತ್ತು ಬಂದರು. ಅವರ ಹಿಂದೆ ಕುದುರೆಯ ಮೇಲೆ ಒಬ್ಬ ಅಧಿಕಾರಿ. ಪೇಟೆಯವರು ಆ ಅಧಿಕಾರಿಗೆ ಇಟ್ಟ ಹೆಸರು ಇದ್ದಿಲು ಸಾಬರು. ಸದಾ ತೋಳಿನ ಮೇಲೆ ಮಸಿ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು.

ಬನದ ಬಾಯಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಹಿಂದೆ ನಾನು, ಬೀದಿಯ ಹೆಂಗಸರು, ಕುಲುಮೆ ದೊಡ್ಡಪ್ಪ.

"ಕೊಡ್ಲಿ ಆಕಂಗಿಲ್ಲ ಬುದ್ಧಿ. ಇದು ಉಳದ ಬನ. ತಮಟೆ ಬಡ್ದವ್ರೆ," ಎಂದರು ಅತ್ತೆ.

ಸಾಬರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಗು ಬಂತು. "ಅರೆ ಅಮ್ಮ, ಆ ಹುಕುಂ ರೇಷ್ಮೆ ಹುಳಕ್ಕೆ. ಹಿಪ್ಪುನೇರಳೆ ಗಿಡಕ್ಕೆ. ಇರುವೆಗೆ, ಗೆದ್ದಲಿಗೆ ಅಲ್ಲ."

"ತಮಟೇಲಿ ಅಂಗ್ ಯೋಳ್ನಿಲ್ವಲ್ಲ ಬುದ್ಧಿ? ಉಳ ಅಂದ್ರು. ನಾವು ನುಗ್ಗೆ ಸೊಪ್ಪನ್ನೇ ಕೀಳ್ನಿಲ್ಲ."

ಕುಲುಮೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಅಲ್ಲ ಸಾಬ್ರೆ, ಒಂದ್ ತೋಪು ಮಾಡಕ್ಕೆ ಇನ್ನೊಂದ್ ತೋಪು ಸುಡ್ಬೇಕಾ?"

ಫಿರಂಗಿಗೂ ತೋಪು, ಮರಗಳ ಗುಂಪಿಗೂ ತೋಪು. ಕೊಡಲಿಯವರೂ ನಕ್ಕರು. ಸಾಬರು ಮಾತ್ರ ನಗಲಿಲ್ಲ. ಕುದುರೆಯಿಂದ ಇಳಿದು ಅತ್ತೆಯ ಎದುರು ನಿಂತು, ಕುತ್ತಿಗೆ ಮುಟ್ಟಿಕೊಂಡು ಮೆಲ್ಲಗೆ ಹೇಳಿದರು: "ಇದ್ದಿಲು ಹೋಗದಿದ್ರೆ ನನ್ನ ಗರ್ದನ್ ಹೋಗ್ತದಮ್ಮ. ನಂಗೂ ಮನೇಲಿ ಮಕ್ಕಳವೆ."

ಅತ್ತೆ ಸೊಂಟದ ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಜಗಳದ ಸೆರಗು ಹೋಗಿ ಮಾತಿನ ಸೆರಗು ಬಂತು. ಸಾಬರೂ ಯೋಚಿಸಿದರು. ತಮಟೆಯ ಮಾತನ್ನು ಪೇಟೆಯೆಲ್ಲ ಕೇಳಿದೆ, ಅರಮನೆಯ ತಮಟೆ ತಪ್ಪು ಎಂದು ಅವರು ಹೇಳುವಂತಿಲ್ಲ. ಕೊನೆಗೆ ಒಂದು ದಾರಿ ಕಂಡರು. "ಆಯ್ತು, ಹುಳ ಇರೋ ಮರ ಮುಟ್ಟಲ್ಲ. ಹುಳ ಇಲ್ಲದ ಮರ ಯಾವ್ದು ನೀವೇ ತೋರ್ಸಿ. ಅದನ್ನ ಮಾತ್ರ ಕಡೀತೀವಿ."

ಅತ್ತೆ ಒಪ್ಪಿದರು. ನಾವೆಲ್ಲ ಬನದ ಒಳಗೆ ಹೊರಟೆವು.

ಆ ದಿನ ನಡೆದಷ್ಟು ನಿಧಾನವಾಗಿ ನಾನು ಆ ಬನದಲ್ಲಿ ಎಂದೂ ನಡೆದಿರಲಿಲ್ಲ. ಮೊದಲ ಜಾಲಾರಿ ಮರದ ರೆಂಬೆಗಳ ಮೇಲೆ ಅರಗಿನ ಹುಳ ಕಜ್ಜಿಯಂತೆ ಕವಿದಿತ್ತು. ನೇರಳೆಯಲ್ಲಿ ಕೆಂಜಿಗ ಎಲೆ ಹೊಲಿಯುತ್ತಿತ್ತು. ಹಿರಿಯ ಇರುವೆಗಳು ಎಲೆಯ ಎರಡು ಅಂಚು ಎಳೆದು ಹಿಡಿದಿದ್ದವು, ಇನ್ನೊಂದು ತನ್ನ ಮರಿಯನ್ನೇ ಬಾಯಲ್ಲಿ ಕಚ್ಚಿ ಅತ್ತಿತ್ತ ಆಡಿಸುತ್ತ, ಮರಿಯ ಬಾಯಿಂದ ಬಂದ ನೂಲಿನಿಂದ ಅಂಚು ಕೂಡಿಸುತ್ತಿತ್ತು. ಸಾಬರು ಬಾಗಿ ನೋಡುತ್ತ ನೋಡುತ್ತ ಕೆಲಸವನ್ನೇ ಮರೆತರು. "ನಮ್ಮ ಮಾವ ದರ್ಜಿ. ಅವರ ಅಂಗಡೀಲೂ ಇದೇ ಥರ, ಸೂಜಿ ಮಕ್ಕಳ ಕೈಲಿ, ಬೈಗುಳ ದೊಡ್ಡೋರ ಬಾಯಲ್ಲಿ," ಎಂದರು. ಅತ್ತಿಯ ಹಣ್ಣೊಂದನ್ನು ಕುಲುಮೆ ದೊಡ್ಡಪ್ಪ ಬಿಚ್ಚಿ ತೋರಿಸಿದರು. ಒಳಗಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ರೆಕ್ಕೆಗಳು ಹೊಗೆಯಂತೆ ಎದ್ದವು. ಜಾಲಿಯಲ್ಲಿ ಜೀರ್ಜಿಂಬೆ, ನವಿಲಿನ ಕತ್ತಿನ ಬಣ್ಣ. ಹೊಂಗೆಯ ಎಲೆಯ ಮೇಲೆ ಕಾಳಿನಂಥ ಗಂಟುಗಳು, ಒಂದೊಂದು ಗಂಟಿನಲ್ಲೂ ಒಂದು ಜೀವ.

ಒಂದು ಒಣಮರ ಕಂಡು ಕೊಡಲಿಯವರ ಮುಖ ಅರಳಿತು. ಸಿಪ್ಪೆ ಎಬ್ಬಿಸಿ ನೋಡಿದರೆ ಅಲ್ಲಿ ಊರೇ ಇತ್ತು. ಕೊರೆಯುವ ಮರಿಗಳು, ಚಪ್ಪಟೆ ಜೀರುಂಡೆಗಳು, ಗೆದ್ದಲು, ಅವನ್ನೆಲ್ಲ ತಿನ್ನಲು ಬಂದ ಇರುವೆಯ ಸಾಲು.

"ಸತ್ತ ಮರ್ದಲ್ಲೇ ಜಾಸ್ತಿ ಒಕ್ಲು," ಎಂದ ಕೊಡಲಿಯವರ ಹಿರಿಯ. ಅತ್ತಿಕುಪ್ಪೆ ಕಡೆಯ ಹೊಸಹೊಳಲಿನವನಂತೆ, ನರೆತ ಮೀಸೆ.

ಅಷ್ಟರಲ್ಲಿ ಸಾಬರ ತೋಳಿನ ಮೇಲಿದ್ದ ಒಂದು ಒಣಕಡ್ಡಿ ಕಾಲು ಚಾಚಿ ನಡೆಯತೊಡಗಿತು. ಅವರು ಬೆಚ್ಚಿ ನಿಂತರು. ಅತ್ತೆ ಅದನ್ನು ಬೆರಳಿಗೆ ಹತ್ತಿಸಿಕೊಂಡು ಗಿಡಕ್ಕೆ ಬಿಟ್ಟರು. "ಎದ್ರಬ್ಯಾಡಿ ಬುದ್ಧಿ. ನಿಮ್ಮನ್ನೂ ಮರ ಅಂದ್ಕಬುಟ್ಟದೆ."

ಹೊಳೆಯ ಅಂಚಿನಲ್ಲಿ ಒಂದು ಹಳೆಯ ಹೊಳೆಮತ್ತಿ ನಿಂತಿತ್ತು. ನುಣುಪು ಬಿಳಿ ತೊಗಟೆ, ತೊಳೆದಿಟ್ಟ ಹಾಗೆ. ಅತ್ತೆ ಸುತ್ತ ಬಂದರು. ನೀರಿನ ಕಡೆಗೆ ಮಾತ್ರ ಕಾಲಿಡಲು ಜಾಗವಿರಲಿಲ್ಲ. ಎಲೆ ನೋಡಿದರು, ಬುಡ ನೋಡಿದರು, ತೊಗಟೆಗೆ ಮೂಗು ಹಚ್ಚಿ ನೋಡಿದರು. ಏನೂ ಇಲ್ಲ. ಒಂದು ಸುಳ್ಳು ಹೇಳಿದ್ದರೆ ಕೇಳುವವರಿರಲಿಲ್ಲ. ನಾನು ಅವರ ಸೆರಗು ಜಗ್ಗಿದೆ. ಅವರು ನನ್ನ ಕೈ ಬಿಡಿಸಿ, "ಇದ್ರಲ್ಲಿ ಇಲ್ಲ ಬುದ್ಧಿ," ಎಂದರು.

ಕೊಡಲಿ ಬಿತ್ತು. ಅಮ್ಮನ ಬನದಲ್ಲಿ ಆ ಸದ್ದು ಕೇಳಿದ್ದು ಅದೇ ಮೊದಲು. ಅತ್ತೆ ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು, ಎದ್ದು ಹೋಗಲಿಲ್ಲ. ಬಿಸಿಲೇರುವ ಹೊತ್ತಿಗೆ ಮರ ಮುರಿದು ದಡದ ಮೇಲೆ ಅಡ್ಡ ಬಿತ್ತು. ಬಿದ್ದ ರಭಸಕ್ಕೆ ಕಾಂಡ ಸೀಳಿತು. ಒಳಗೆ ಪೊಳ್ಳು. ಪೊಳ್ಳಿನಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಪ್ಪು ಮೇಣದ ಪುಟ್ಟ ಪುಟ್ಟ ಗುಡಾಣಗಳು. ಒಡೆದವುಗಳಿಂದ ಜೇನು ಸುರಿಯುತ್ತಿತ್ತು. ಸೊಳ್ಳೆಯಂಥ ನಸರಿಗಳು ಗುಂಯ್ ಎಂದು ಎದ್ದು ನಮ್ಮ ಕೂದಲಿಗೆ ನುಗ್ಗಿದವು. ಅವುಗಳ ಬಾಗಿಲು ನೀರಿನ ಕಡೆಗಿತ್ತು.

ಅತ್ತೆ ಜೀವಮಾನವೆಲ್ಲ ಹುಡುಕಿದ ಗೂಡು ಅದು.

ಹೊಸಹೊಳಲಿನ ಹಿರಿಯ ಕೊಡಲಿ ಕೆಳಗಿಟ್ಟ. "ತಕ್ಕಳವ್ವ, ಬೇಕಾದಷ್ಟದೆ ಮೇಣ. ಮರ ಬಿದ್ಮೇಲೆ ಬಿಟ್ಟ ಮನೆ ತಾನೆ?"

ಅತ್ತೆ ಆ ಕಪ್ಪು ಮೇಣದ ಹತ್ತಿರ ಕೈ ಒಯ್ದು ಹಿಂದಕ್ಕೆ ತೆಗೆದುಕೊಂಡರು. "ಬಿಟ್ಟಿದ್ದಲ್ಲ ಕಣಪ್ಪ. ಬುಡ್ಸಿದ್ದು. ನೋಡು, ಇನ್ನೂ ವೊಳಗೇ ಅವೆ."

ಸಾಬರು ಬಿದ್ದ ಮರದ ಮೇಲೆಯೇ ಕುಳಿತು, ಮೀಸೆಗೆ ಸಿಕ್ಕಿಕೊಂಡಿದ್ದ ಒಂದು ನಸರಿಯನ್ನು ಬಿಡಿಸಿ ಹಾರಿಬಿಟ್ಟರು. ಆಮೇಲೆ ತಮಗೇ ಎಂಬಂತೆ ಹೇಳಿದರು: "ಇಲ್ಲ ಅಂದ ಮರದಲ್ಲೇ ಇಷ್ಟು ಇದ್ರೆ, ಇದೆ ಅಂದ ಮರದಲ್ಲಿ ಎಷ್ಟಿರಬೇಕು?"

"ಬುದ್ಧಿ, ಹೊಳೆಮತ್ತಿ ಇದ್ದಿಲು ಕಾವು ಇಡಿಯಾಕಿಲ್ಲ," ಎಂದ ಹಿರಿಯ. "ಕಗ್ಗಲಿ ಆದ್ರೆ ಗಟ್ಟಿ. ನಮ್ಮ ಅತ್ತಿಕುಪ್ಪೆ ಕಡೆ ಕುರುಚಲಲ್ಲಿ ಬೇಕಾದಂಗದೆ. ಕೊಂಬೆ ಕಡುದ್ರೆ ಮತ್ತೆ ಚಿಗುರ್ತದೆ. ಗಾಡಿ ಬರೋದು ವಸಿ ತಡ ಆಯ್ತದೆ, ಅಷ್ಟೆಯ."

ಆ ತಡಕ್ಕೆ ಬೆಲೆ ತೆರಬೇಕಾದವರು ಸಾಬರು. ಅವರು ಎದ್ದು ತೋಳಿನ ಮಸಿ ಒರೆಸಿಕೊಂಡರು, ಹೋಗುತ್ತಿರಲಿಲ್ಲ ಅದು. "ಅತ್ತಿಕುಪ್ಪೆಗೆ ಗಾಡಿ ಕಟ್ಸಿ," ಎಂದರು. ಕುದುರೆ ಹತ್ತುವಾಗ ಅತ್ತೆಯ ಕಡೆ ತಿರುಗಿ, "ಕೇಳಿದ್ರೆ ಹೇಳ್ತೀನಮ್ಮ, ತಮಟೆಯಲ್ಲಿ ಹುಳ ಅಂತಿತ್ತು ಅಂತ," ಎಂದರು. ಅವರ ಗರ್ದನ್ ಉಳಿಯಿತು. ಮುಂದೆ ತಮ್ಮ ಹಬ್ಬಕ್ಕೆ ನಮ್ಮ ಮನೆಗೆ ಶ್ಯಾವಿಗೆ ಕಳಿಸುತ್ತಿದ್ದರು, ನಮ್ಮ ಮನೆಯಿಂದ ಎಳ್ಳುಬೆಲ್ಲ ಹೋಗುತ್ತಿತ್ತು.

ನಸರಿ ಇದ್ದ ತುಂಡನ್ನು ಕೊಡಲಿಯವರೇ ಕೊಯ್ದು, ನಮ್ಮ ಹಿತ್ತಲ ಗೋಡೆಗೆ ಒರಗಿಸಿಕೊಟ್ಟರು. ಸೀಳಿಗೆ ಹುತ್ತದ ಮಣ್ಣು ಮೆತ್ತಿದ್ದು ಅತ್ತೆ. ಎರಕದ ಅಚ್ಚಿಗೆ ಮೆತ್ತುವ ಅದೇ ಕೈ, ಈ ಸಲ ಒಳಗಿನ ಮೇಣ ಕರಗದಿರಲಿ ಎಂದು. ಬೆಳಿಗ್ಗೆ ಎದ್ದವರೇ ಆ ತುಂಡಿಗೆ ಕಿವಿ ಇಡುವರು. "ಅವೆ ಕಣವ್ವ," ಎಂದ ಮೇಲೆಯೇ ಒಲೆ ಹಚ್ಚುವುದು. ದೇವರ ಹುಬ್ಬುಗಳನ್ನು ಹೆಜ್ಜೇನಿನ ಮೇಣದಲ್ಲೇ ದಪ್ಪಗೆ ತಿದ್ದಿದರು. ಗಿರಾಕಿಗಳು ಗೊಣಗಿದರೆ, "ಅಮ್ಮ ಇತ್ತೀಚ್ಗೆ ಉಬ್ಬು ಗಂಟಾಕ್ಕಂಡವ್ಳೆ, ಏನ್ ಮಾಡ್ಲಿ?" ಎನ್ನುವರು.

ಕೆಲವು ವರ್ಷಗಳ ಮೇಲೆ ಕೋಟೆಗೆ ಮುತ್ತಿಗೆ ಹಾಕಲು ಶತ್ರುಗಳ ದಂಡು ಬಂತು. ಪೇಟೆ ಖಾಲಿಯಾಯಿತು. ನಾವು ನಾಗಮಂಗಲದ ನನ್ನ ತವರಿಗೆ ಹೊರಟಾಗ ಅತ್ತೆ ಗಾಡಿಯಲ್ಲಿ ಮೊದಲು ಇಟ್ಟದ್ದು ಆ ಮರದ ತುಂಡನ್ನು, ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ. ಹಿರೋಡೆಯ ಗುಡ್ಡದ ಕೆಳಗೆ ಎತ್ತಿಗೆ ನೀರು ಕುಡಿಸುವಾಗ ಹಿಂದಕ್ಕೆ ತಿರುಗಿ ನೋಡಿದರು. "ಬಾಗ್ಲು ಆಕಂಡ್ ಬಂದ್ವಿ. ನಮ್ಮನೇನ ಯಾರಾದ್ರೂ ಬಿಟ್ಟ ಮನೆ ಅಂದ್ಕಬುಟ್ರೆ?"

ನಾನು ತುಂಡಿನ ಬಾಗಿಲಿಗೆ ಕಟ್ಟಿದ್ದ ಬಟ್ಟೆಗೆ ಇನ್ನಷ್ಟು ನೀರು ಚಿಮುಕಿಸಿದೆ.

ಗಲಾಟೆ ತಣ್ಣಗಾದ ಮೇಲೆ ಮರದ ತುಂಡಿನ ಜೊತೆಗೇ ಮರಳಿದೆವು. ಮನೆಗೆ ಕದವಿರಲಿಲ್ಲ, ಹೆಂಚು ಅರ್ಧ ಹೋಗಿತ್ತು. ಬನದಲ್ಲಿ ಒಂದು ಬದಿಯ ಮರಗಳನ್ನು ಯಾವ ದಂಡಿನವರೋ ಗೂಟಕ್ಕೆಂದು ಕಡಿದಿದ್ದರು. ಉಳಿದದ್ದು ನಿಂತಿತ್ತು. ಹೊಳೆಮತ್ತಿಯ ಬೊಡ್ಡೆಯಿಂದ ಆಳೆತ್ತರದ ಚಿಗುರು ಎದ್ದಿತ್ತು. ನಮ್ಮ ಅಡುಗೆಮನೆಯಲ್ಲಿ ನಾನು ಬಿಟ್ಟುಹೋಗಿದ್ದ ಹಳೆಯ ದೀಪದ ಅಚ್ಚಿನ ಬಾಯಿಗೆ ಕಣಜವೊಂದು ಮಣ್ಣು ಮೆತ್ತಿ ಮನೆ ಕಟ್ಟಿಕೊಂಡಿತ್ತು. ನಾನು ಅದನ್ನು ಕೆಡವಲು ಕಡ್ಡಿ ತೆಗೆದುಕೊಂಡೆ.

"ಬುಡು ಮಗ," ಎಂದರು ಅತ್ತೆ. "ನಾವಿಲ್ದಾಗ ಮನೇನ ಬಿಟ್ಟ ಮನೆ ಆಗಕ್ಕೆ ಬುಡ್ನಿಲ್ಲ ಅದು."

ಆಮೇಲೆ ಮರದ ತುಂಡನ್ನು ಇಬ್ಬರೂ ಹೊತ್ತು ಬನಕ್ಕೆ ಹೋದೆವು. ಹೊಳೆಮತ್ತಿಯ ಬೊಡ್ಡೆಗೆ ಒರಗಿಸಿ, ಬಾಗಿಲನ್ನು ಮೊದಲಿದ್ದ ಹಾಗೆ ನೀರಿನ ಕಡೆಗೆ ತಿರುಗಿಸಿ, ಅತ್ತೆ ಬಟ್ಟೆ ಬಿಚ್ಚಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಅತ್ತೆ ಮಣ್ಣಿನಲ್ಲಿ ಮಂಡಿಯೂರಿ ಕಿವಿ ಇಟ್ಟರು. ಒಂದು ನಸರಿ ಬಾಗಿಲಿಗೆ ಬಂದು, ಗಾಳಿ ನೋಡಿ, ಅವರ ನರೆತ ಕೂದಲ ಮೇಲೆ ಕೂತಿತು.

"ಅವೆ ಕಣವ್ವ," ಎಂದರು. ನಾವು ಮನೆಗೆ ಬಂದು ಒಲೆ ಹಚ್ಚಿದೆವು.