ಗಿರಣಿಯಲ್ಲಿ ಬೆಳೆ ವಿಮೆ

ಅಜ್ಜಂಪುರದ ಹತ್ತಿರ ನಮ್ಮ ಹಳ್ಳಿಯಲ್ಲಿ ನನ್ನದೊಂದು ಸೇವಾ ಕೇಂದ್ರವಿದೆ. ಪಹಣಿ ತೆಗೆದುಕೊಡುವುದು, ಬೆಳೆ ವಿಮೆಯ ಅರ್ಜಿ ತುಂಬುವುದು ನನ್ನ ಕೆಲಸ. ಒಂದು ವರ್ಷ ಬಿಡದೆ ಸುರಿದ ಮಳೆಗೆ ಈರುಳ್ಳಿ ಹೊಲದಲ್ಲೇ ಕೊಳೆಯಿತು. ವಿಮೆ ಮಾಡಿಸಿದ್ದವರಿಗೆ ಪರಿಹಾರ ಬಂತು. ಆದರೆ ಮಾಡಿಸಿದ್ದವರು ಬೆರಳೆಣಿಕೆಯಷ್ಟೇ. ನನಗೆ ಮೈಯೆಲ್ಲ ಉರಿಯಿತು. ತರೀಕೆರೆಯಲ್ಲಿ ಕಲರ್ ಪ್ರಿಂಟ್ ಹಾಕಿಸಿ ಎರಡು ಪುಟದ ನೋಟಿಸು ಅಂಟಿಸಿದ್ದೆ. ಇನ್ನೇನು, ಮನೆಮನೆಗೆ ಹೋಗಿ ಕಾಲು ಹಿಡಿಯಬೇಕಿತ್ತೇ?

ಮರುವರ್ಷ ರಾಗಿ ಬೀಸಿಸಲು ಹೋದಾಗ ಹಿಟ್ಟಿನ ಗಿರಣಿಯ ಅಕ್ಕನ ಮುಂದೆ, ಜನ ಬೇಜವಾಬ್ದಾರಿಗಳು ಎಂದು ಇದೇ ಗೊಣಗಾಟ ತೆಗೆದೆ.

"ನೋಟಿಸು ಯಾವಾಗ ಅಂಟಿಸ್ದೆ?" ಎಂದಳು.

"ಬಿತ್ತನೆ ಟೈಮ್ನಾಗೆ. ಕೊನೇ ದಿನ ಅವಾಗ್ಲೇ ಅಲ್ವಾ ಬರೋದು?"

"ಅವಾಗ ಬೀಜ, ಗೊಬ್ಬರ, ಆಳು, ಮಳೆ ಎಲ್ಲಾ ತಲೇಲಿರ್ತೈತೆ. ನಿನ್ನ ಎರಡು ಪುಟ ಎಲ್ಲಿ ಹಿಡಿತೈತಪ್ಪಾ? ಇಲ್ಲಿ ಬಂದು ಕೂತ್ಕೋ. ಹಿಟ್ಟಾಗೋ ತನಕ ಎಲ್ರೂ ಸುಮ್ನೆ ನಿಂತಿರ್ತಾರೆ."

ಹಿಂದಿನವರ ಜೋಳದ ಹಿಟ್ಟು ತಮ್ಮ ರಾಗಿಗೆ ಬೆರೆತೀತೆಂದು ನಮ್ಮೂರಿನವರು ಡಬ್ಬ ಇಟ್ಟು ಹೋಗುವುದಿಲ್ಲ, ಕಾವಲು ನಿಲ್ಲುತ್ತಾರೆ. ಆ ಅರ್ಧ ಗಂಟೆಯನ್ನು ನಾನೂ ನಿಂತೇ ಕಳೆದಿದ್ದೆ. ಅದರ ಬೆಲೆ ಕಂಡದ್ದು ಅಕ್ಕನಿಗೆ.

ಬಿತ್ತನೆ ಶುರುವಾಗುತ್ತಲೇ ಲ್ಯಾಪ್‌ಟಾಪ್ ಹೊತ್ತು ಗಿರಣಿಗೆ ಹೋದೆ. ಅಕ್ಕ ನನ್ನ ಎರಡು ಪುಟವನ್ನು ಬದಿಗಿಟ್ಟು ಒಂದೇ ಮಾತು ಉಳಿಸಿಕೊಂಡಳು: ಪಹಣಿ, ಆಧಾರ್, ಪಾಸ್‌ಬುಕ್ ತನ್ನಿ. ಮರೆತು ಬಂದವರಿಗೆ, "ಹಿಟ್ಟು ನಾನು ನೋಡ್ಕೋತೀನಿ, ನೀನು ಓಡೋಗಿ ತಗೊಂಬಾ" ಎನ್ನುತ್ತಿದ್ದಳು. ಅವಳು ಕಾವಲಿದ್ದರೆ ಯಾರಿಗೂ ಅನುಮಾನವಿರಲಿಲ್ಲ, ಓಡುತ್ತಿದ್ದರು. ಯೋಜನೆ ಮಾಡುವ ಸಾಹೇಬರು ಮಳೆ ಎಷ್ಟು, ಇಳುವರಿ ಎಷ್ಟು ಎಂದೆಲ್ಲ ಅಳೆಯುತ್ತಾರೆ. ಬಿತ್ತನೆಯ ಹದಿನೈದು ದಿನ ರೈತನ ತಲೆಯಲ್ಲಿ ಎಷ್ಟು ಜಾಗ ಮಿಕ್ಕಿರುತ್ತದೆ ಎಂದು ಕೇಳಿದವಳು ಇವಳೊಬ್ಬಳೇ. ಜನರನ್ನು ಬೇಜವಾಬ್ದಾರಿಗಳೆಂದು ಬೈದಿದ್ದಕ್ಕೆ ನನಗೆ ನಾಚಿಕೆಯಾಯಿತು.

ಕೊನೆಯ ದಿನ ಸಂಜೆ, ಊರಿನವರದೆಲ್ಲ ಮುಗಿಯಿತೆಂದು ಬೀಗುತ್ತಾ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಅಕ್ಕ ಕೇಳಿದಳು, "ನಿಮ್ಮವ್ವನ ಹೊಲದ್ದು ಆಯ್ತೇನಪ್ಪಾ?"

ಅವ್ವನ ಹೆಸರಲ್ಲಿರುವುದು ಅದೊಂದೇ ಈರುಳ್ಳಿ ಹೊಲ. ಅದು ನನಗೆ ನೆನಪೇ ಆಗಿರಲಿಲ್ಲ.

"ಹೋಗು, ನಾನು ಬಾಗಿಲು ಹಾಕಲ್ಲ" ಎಂದಳು ಅಕ್ಕ.

ಮನೆಗೆ ಓಡಿದೆ. ಬಾಗಿಲ ಪಕ್ಕದ ಗೂಡಿನಲ್ಲಿ ಕಾಗದಗಳೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸಿದ್ಧವಾಗಿದ್ದವು.

"ಹದಿನೈದು ದಿನದಿಂದ ಇಲ್ಲೇ ಇಟ್ಟಿದೀನಿ ಕಣೋ" ಎಂದಳು ಅವ್ವ. "ಊರ್ನೋರ ಕೆಲಸ ಅಷ್ಟೊಂದು ತಲೇಲಿ ಹೊತ್ಕೊಂಡಿದೀಯ, ನಂದೊಂದು ಯಾಕೆ ತುಂಬೋದು ಅಂತ ಸುಮ್ಕಿದ್ದೆ."

ಕವರು ಹಿಡಿದು ಗಿರಣಿಗೆ ಓಡಿದೆ. ಗಡುವು ಮುಗಿಯುವ ಮೊದಲೇ ಅವಳ ಅರ್ಜಿ ಹೋಯಿತು.