ಸಂಜೆಯ ಅಳತೆ

ಔಡಲೆಣ್ಣೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಅಂಗೈಗೆ ಹಚ್ಚಿಕೊಂಡು ಹಳೆಯ ಚರ್ಮದ ಮೇಲೆ ಒತ್ತಿ ತಿಕ್ಕಿದರೆ ಒಂದು ವಾಸನೆ ಏಳುತ್ತದೆ. ಅದರಲ್ಲಿ ಜಾಲಿ ತೊಗಟೆಯ ಒಗರು ಇರುತ್ತದೆ, ಜೇನುಮೇಣದ ಸಣ್ಣ ಸಿಹಿ ಇರುತ್ತದೆ. ಬಟ್ಟೆಯಿಂದ ಎಣ್ಣೆ ಹಚ್ಚಬಾರದು, ಅಂಗೈಯ ಕಾವು ತಾಗಿದರೇನೇ ಚರ್ಮ ಬಾಯಿ ತೆರೆಯುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಹೋದ ಮಾಗಿಯಲ್ಲಿ ಅವನು ತೀರಿಕೊಂಡ ಮೇಲೆ ಈ ಕೆಲಸ ನನಗೆ ಬಂದಿದೆ. ನರಗುಂದದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಕೂತು ಒಂದು ಜೋಡಿ ಚಪ್ಪಲಿಗೆ ಎಣ್ಣೆ ತಿಕ್ಕುತ್ತೇನೆ. ಅವ್ವನಿಗಾಗಿ ಮಾಡಿದ ಚಪ್ಪಲಿ, ಯಾರೂ ಒಂದು ದಿನವೂ ಮೆಟ್ಟದ ಚಪ್ಪಲಿ. ಅದಕ್ಕೇ ಅದರಲ್ಲಿ ಬೆವರಿನ ವಾಸನೆ ಮಾತ್ರ ಇಲ್ಲ. ಉಳಿದದ್ದೆಲ್ಲ ಇದೆ. ಮೂಗಿಗೆ ಅದು ತಾಗಿದ ಕೂಡಲೇ ನಾನು ಹುಟ್ಟಿ ಬೆಳೆದ ರೋಣದ ಮನೆಯೊಳಗೆ ಇರುತ್ತೇನೆ. ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಅದರ ಕೆಳಗೆ ಅಪ್ಪನ ಕಲ್ಲು. ಚರ್ಮ ಕೊಯ್ಯುವ ರಂಪಿಗೆ ತಾಗಿ ತಾಗಿ ಆ ಕಲ್ಲಿನ ನಡು ಊಟದ ಗಂಗಾಳದಂತೆ ತಗ್ಗಾಗಿತ್ತು. ಹಿತ್ತಲಲ್ಲಿ ಜಾಲಿ ಚಕ್ಕೆ ನೆನೆಹಾಕಿದ ಬಾನಿ, ಅದರ ಕೆಂಪು ನೀರಿನಲ್ಲಿ ನನ್ನ ಮುಖ. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನೀವೂ ಇಂಥದೊಂದು ಮನೆ ಕಳೆದುಕೊಂಡವರಾದರೆ ನಿಮಗೆ ಗೊತ್ತಿರುತ್ತದೆ: ಕಣ್ಣಿಗೆ ಬರಲು ಒಲ್ಲದ್ದು ಮೂಗಿಗೆ ಬರುತ್ತದೆ.

ಅಪ್ಪನಿಗೆ ಕೆಲಸದಲ್ಲಿ ಕಟ್ಟುಪಾಡು ಬಹಳ. ಬೆನ್ನಿನ ಚರ್ಮ ಅಡಿಯ ಅಟ್ಟೆಗೆ ಮತ್ತು ಮೇಲಿನ ಬಾರಿಗೆ. ಹೊಟ್ಟೆಯ ಚರ್ಮ ಹಿಗ್ಗುತ್ತದೆ, ಅದು ಒಳಪದರಕ್ಕಷ್ಟೇ. ತೊಯ್ದದ್ದನ್ನು ನೆರಳಲ್ಲಿ ಒಣಗಿಸಬೇಕು, ಅವಸರಕ್ಕೆ ಬಿಸಿಲಿಗಿಟ್ಟರೆ ಹಪ್ಪಳವಾಗುತ್ತದೆ. ಹೊಸ ಜೋಡು ಒಂದಿಷ್ಟು ಬಿಗಿಯಾಗಿಯೇ ಇರಬೇಕು, ಮೆಟ್ಟುತ್ತ ಹೋದಂತೆ ಕಾಲು ತನ್ನ ಜಾಗ ತಾನು ಮಾಡಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಅಳತೆಯದು. ದಿನವೆಲ್ಲ ದುಡಿದ ಕಾಲು ಸಂಜೆ ಹೊತ್ತಿಗೆ ಅಗಲವಾಗಿರುತ್ತದೆ. ಹಳೆಯ ಪೇಪರಿನ ಮೇಲೆ ಕಾಲಿಡಿಸಿ ಇದ್ದಲಿನಿಂದ ಸುತ್ತ ಗೆರೆ ಎಳೆಯುವುದಾದರೆ ಆಗಲೇ ಎಳೆಯಬೇಕು. ಸಂತೆಗೆ ಬಂದ ರೈತರಿಗೆ ಇದೊಂದು ಕಾಟ. ಅಬ್ಬಿಗೇರಿಯಿಂದ ಬರುತ್ತಿದ್ದ ಈರಪ್ಪಜ್ಜ ಎಂಬ ಮುದುಕ ಪ್ರತಿ ಸಲವೂ ಜಗಳ ತೆಗೆಯುತ್ತಿದ್ದ.

"ಏ ಯಮನಪ್ಪಾ, ಮುಂಜಾನಿಂದ ಸಂತ್ಯಾಗ ತಿರುಗೇನಿ. ನನ್ನ ಕಾಲಿಗೆ ಸಂಜಿ ಆಗೇತಿ, ತಗೋ ಅಳತಿ."

"ಕಾಲಿಗೆ ಆಗಿರಬಹುದ್ರಿ ಅಜ್ಜಾರ, ಹೊತ್ತು ಇನ್ನೂ ಮ್ಯಾಲೈತಿ. ಚಾ ಕುಡದು ಬರ್ರಿ."

"ಬಸ್ಸು ತಪ್ಪಿದ್ರ?"

"ನಡಕೊಂತ ಹೋಗ್ರಿ. ಮುಂದಿನ ಸಲ ಅಳತಿ ಇನ್ನೂ ಚಲೋ ಸಿಗತೈತಿ."

ಮುದುಕ ಬೈಯುತ್ತಲೇ ಕಟ್ಟೆಯ ಮೇಲೆ ಕೂಡುತ್ತಿದ್ದ. ಎರೆ ಮಣ್ಣು ಹಸಿಯಾದಾಗ ಚಪ್ಪಲಿಯನ್ನು ಹಿಡಿದೆಳೆಯುತ್ತದೆ. ನಮ್ಮ ಮನೆಯ ಹೊಲಿಗೆ ಅದಕ್ಕೂ ಬಿಚ್ಚಿಕೊಳ್ಳುತ್ತಿರಲಿಲ್ಲ ಎಂದು ಅವನಿಗೂ ಗೊತ್ತಿತ್ತು. ತಯಾರಾದ ಜೋಡನ್ನು ಅಪ್ಪ ಎಂದೂ ಕೈಗೆ ಕೊಡುತ್ತಿರಲಿಲ್ಲ. ನೆಲಕ್ಕಿಟ್ಟು, ಮೆಟ್ಟಿಸಿ, ಓಣಿಯ ತುದಿವರೆಗೆ ನಡೆಸಿ, ತಾನು ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದ. ಗಂಡಸರ ಚಪ್ಪಲಿಯಲ್ಲಿ ಎರಡು ಅಟ್ಟೆಗಳ ನಡುವೆ ಒಣ ಚರ್ಮದ ತೆಳ್ಳನೆಯ ಚೂರು ಸೇರಿಸಿ ಹೊಲಿಯುವ ರೂಢಿ ಇತ್ತು. ಹೆಜ್ಜೆಗೊಮ್ಮೆ ಅದು ಕಿರ್ ಅನ್ನಬೇಕು. ಎರಡೂ ಕಾಲು ಒಂದೇ ದನಿಯಲ್ಲಿ ಕಿರ್ ಅಂದರೆ ಮಾತ್ರ ಅಪ್ಪ ಕಣ್ಣು ತೆರೆಯುತ್ತಿದ್ದ.

ಅವ್ವ ಹೆಣೆಯುವವಳು, ಹೊಲಿಯುವವಳು. ಬಾರಿನ ಮೂರು ಎಳೆಗಳ ತುದಿಯನ್ನು ಬಲಗಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಕಾಲು ಚಾಚಿ, ಎಳೆದೆಳೆದು ಜಡೆ ಹಾಕುತ್ತಿದ್ದಳು. ವರ್ಷಗಳ ಎಳೆತಕ್ಕೆ ಆ ಹೆಬ್ಬೆರಳಿನ ಸುತ್ತ ಉಂಗುರ ತೊಟ್ಟಂತೆ ಒಂದು ತಗ್ಗು ಬಿದ್ದಿತ್ತು. ಅವಳ ಪಾಲಿಗೆ ಕಾಲೂ ಒಂದು ಹತ್ಯಾರವೇ. ದಾರಕ್ಕೆ ಮೇಣ ಸವರುವುದು, ಹೊಲಿಗೆಯ ಉದ್ದಕ್ಕೆ ನಾಲ್ಕು ಪಟ್ಟು ದಾರ ಹಿಡಿಯುವುದು, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾರ ಹಾಯಿಸುವುದು, ಇದನ್ನೆಲ್ಲ ನಾನು ಕಲಿತದ್ದು ಅವಳ ಮಗ್ಗುಲಲ್ಲಿ. ಯಂತ್ರದ ಹೊಲಿಗೆ ಒಂದು ಕಡೆ ಹರಿದರೆ ಸರಸರ ಬಿಚ್ಚಿಕೊಳ್ಳುತ್ತದೆ, ಕೈ ಹೊಲಿಗೆ ಹಾಗಲ್ಲ. "ಹೊಲಿಗಿ ಗಂಡ ಹೆಂಡತಿ ಇದ್ದಂಗ ಇರಬೇಕು. ಒಂದು ದಾರ ಹರಿದ್ರ ಇನ್ನೊಂದು ತಾಳಬೇಕು" ಎಂದು ಅವ್ವ ಹೇಳಿದರೆ, ಅಪ್ಪ ಕಲ್ಲಿನಿಂದ ತಲೆ ಎತ್ತದೆ, "ಈ ಮನ್ಯಾಗ ತಾಳೂ ದಾರ ಯಾವುದಂತ ಓಣಿಗೆಲ್ಲಾ ಗೊತ್ತೈತಿ" ಅನ್ನುತ್ತಿದ್ದ.

ಊರಿಗೆಲ್ಲ ಬಾರು ಹೆಣೆದವಳ ಕಾಲಲ್ಲಿ ಹಳೆಯ ರಬ್ಬರ್ ಚಪ್ಪಲಿ ಇರುತ್ತಿತ್ತು. ಅವಳ ತವರೂರಿನಲ್ಲಿ, ಅವಳು ಸಣ್ಣವಳಿದ್ದಾಗ, ನಮ್ಮವರ ಓಣಿಯ ಮಂದಿ ಅಗಸಿ ದಾಟಿ ಊರೊಳಗೆ ಕಾಲಿಡುವಾಗ ಚಪ್ಪಲಿ ಕೈಯಲ್ಲಿ ಹಿಡಿಯಬೇಕಿತ್ತಂತೆ. ಅದನ್ನು ಅವಳು ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಮಳೆಯಾದದ್ದನ್ನು ಹೇಳುವಂತೆ ಹೇಳುತ್ತಿದ್ದಳು. ಆದರೆ ನಡೆಯುವಾಗ ಸದ್ದೇ ಇಲ್ಲದಂತೆ ನಡೆಯುತ್ತಿದ್ದಳು. ಒಂದು ದಿನ ಈರಪ್ಪಜ್ಜನ ಹೊಸ ಜೋಡು ಓಣಿಯುದ್ದ ಕಿರುಗುಟ್ಟುತ್ತ ಹೋದದ್ದನ್ನು ಕೇಳಿ ನಕ್ಕಳು.

"ನನಗೂ ಅಂಥಾವ ಮಾಡಿ ಕೊಡ್ರಿ. ಕಿರ್ ಅನ್ನೂವು."

"ಹೆಂಗಸರ ಚಪ್ಪಲಿ ಸದ್ದು ಮಾಡತಾವೇನು?" ಎಂದ ಅಪ್ಪ.

"ಮಾಡಿದ್ರ ಮಾಡ್ಲಿ. ನಾ ಬಂದೀನಿ ಅಂತ ಒಮ್ಮಿ ಕೇಳಲಿ ಮಂದಿಗೆ."

ಅಪ್ಪ ಒಪ್ಪಿದ. ಮೊದಲು ಒಂದು ಸಾದಾ ಜೋಡು ಹಾಕಿಕೋ, ಸದ್ದಿನದು ಅದರ ಹಿಂದೆ ಎಂದ. ಅಳತೆಗೆ ಸಂಜೆ ಸಿಗಲೇ ಇಲ್ಲ. ಸಂಜೆಗಳೆಲ್ಲ ಊರಿನ ಕಾಲುಗಳಿಗೆ ಹೋಗುತ್ತಿದ್ದವು. ಹಾಗಾಗಿ ಒಂದು ಮುಂಜಾನೆ, ಅವ್ವ ರೊಟ್ಟಿ ಬಡಿದು ಹಿಟ್ಟಿನ ಕೈಯಲ್ಲೇ ಎದ್ದು ನಿಂತಾಗ, ಅವಳ ಕಾಲ ಕೆಳಗೆ ಪೇಪರು ಸರಿಸಿದ. "ನಿಮ್ಮ ಶಾಸ್ತ್ರ ಎಲ್ಲಿ ಹೋತ್ರಿ?" ಎಂದು ಅವ್ವ ಕೇಳಿದಳು. "ಮನಿ ಕಾಲಿಗೆ ಎಂಥಾ ಶಾಸ್ತ್ರ? ದಿನಾ ನೋಡೂ ಕಾಲು" ಎಂದು ಅಪ್ಪ ಗೆರೆ ಎಳೆದ. ನಾನು ಅಲ್ಲೇ, ಶಾಲೆಗೆ ಹೋಗುವ ಮುಂಚೆ ಜಡೆ ಹಾಕಿಸಿಕೊಳ್ಳಲು ಕಾಯುತ್ತಿದ್ದೆ.

ಜೋಡು ಚಂದ ಬಂತು. ಮುಂಜಾನೆ ಸರಿಯಾಗಿ ಕೂಡುತ್ತಿತ್ತು, ಸಂಜೆಗೆ ಬಾರು ಪಾದದೊಳಗೆ ಹೂತುಹೋಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಿತ್ತೆಸೆಯುತ್ತಿದ್ದರು. ಅವ್ವ ಚರ್ಮದ ಮನೆಯವಳು. ಹೊಸದು ಬಿಗಿಯಿರುತ್ತದೆ, ತಾನಾಗಿ ಹಿಗ್ಗುತ್ತದೆ ಎಂದು ನಂಬಿ ಮೆಟ್ಟಿಕೊಂಡೇ ತಿರುಗಿದಳು. ಹಿಗ್ಗುತ್ತಿದ್ದದ್ದು ಚರ್ಮವಲ್ಲ, ಕಾಲು. ಬೊಬ್ಬೆಯೆದ್ದು, ಒಡೆದು, ಹುಣ್ಣಾದ ಮೇಲೆಯೇ ಅಪ್ಪನ ಕಣ್ಣಿಗೆ ಬಿತ್ತು. ಅವನು ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ರಂಪಿಗೆಯಿಂದ ಆ ಬಾರನ್ನು ಕೊಯ್ದು ತೆಗೆದ. ಅವಳೇ ಹೆಣೆದ ಬಾರು ಅದು.

ಹುಣ್ಣು ಮಾಯಲಿಲ್ಲ. ಬಾವು ಮೊಣಕಾಲಿಗೆ ಏರಿತು, ಮುಂಜಾನೆ ಮುಖಕ್ಕೂ ಬರತೊಡಗಿತು. ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಾಗ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು: "ಇದು ಚಪ್ಪಲಿಂದ ಬಂದದ್ದಲ್ಲರೀ. ಒಳಗ ಕಿಡ್ನಿ ಸೋತಾವ, ಅದಕ್ಕ ಬಾವು ಬಂದೈತಿ." ಅಪ್ಪ ತಲೆಯಾಡಿಸಿದ. ಮರಳಿ ಬರುವಾಗ ಬಸ್ಸಿನ ಕಿಟಕಿಯತ್ತ ಮುಖ ಮಾಡಿ, "ಮನಸಿಗೆ ಹತ್ತಬಾರದಂತ ಹಂಗ ಹೇಳತಾರವ್ವಾ ಅವರು" ಎಂದು ನನಗೆ ಹೇಳಿದ. ಅದೇ ಅವನ ಕೊನೆಯ ತೀರ್ಮಾನವಾಯಿತು. ಆಮೇಲೆ ಯಾರು ಏನು ಹೇಳಿದರೂ ಕೇಳಲಿಲ್ಲ.

ಆ ವಾರವೇ ಅವನು ಎರಡನೆಯ ಜೋಡಿಗೆ ಕೂತ. ಬಂದವರನ್ನೆಲ್ಲ ವಾಪಸು ಕಳಿಸಿ, ಸಂಜೆ ಹೊತ್ತಿಗೆ ಅವ್ವನ ಕಾಲನ್ನು ಮೆಲ್ಲಗೆ ಪೇಪರಿನ ಮೇಲೆ ಇಳಿಸಿ ಅಳತೆ ತೆಗೆದ. ಹೆಬ್ಬೆರಳು ಸಿಕ್ಕಿಸುವ ಉಂಗುಟ ಬೇಡವೆಂದು ಅಗಲವಾದ ಪಟ್ಟಿ ಇಟ್ಟ, ಒಳಗೆ ಮೇಕೆಯ ಮೆತ್ತನೆಯ ತೊಗಲು ಹಾಕಿದ, ಅಂಚುಗಳನ್ನು ಕಟ್ಟಿಗೆಯ ತುಂಡಿನಿಂದ ತಿಕ್ಕಿ ತಿಕ್ಕಿ ಗಾಜಿನಂತೆ ನುಣುಪು ಮಾಡಿದ. ಅಟ್ಟೆಗಳ ನಡುವೆ ಒಣ ಚೂರುಗಳನ್ನೂ ಇಟ್ಟು ಹೊಲಿದ. ಮುಗಿಯುವಷ್ಟರಲ್ಲಿ ಅವ್ವನಿಗೆ ಏಳಲು ಆಗುತ್ತಿರಲಿಲ್ಲ. ಅಪ್ಪ ಅವಳ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು, ಚಪ್ಪಲಿಗಳೊಳಗೆ ತನ್ನ ಎರಡೂ ಕೈ ತೂರಿಸಿ, ಬಾಗಿಲವರೆಗೆ ಮಂಡಿಯೂರಿಕೊಂಡು ಅವನ್ನು ನಡೆಸಿದ. ಕಿರ್, ಕಿರ್, ಕಿರ್. ಮತ್ತೆ ಬಾಗಿಲಿಂದ ಹಾಸಿಗೆಯವರೆಗೆ. ಅವ್ವ ಕಣ್ಣು ಮುಚ್ಚಿ, ಅಪ್ಪ ಗಿರಾಕಿಗಳ ಹೆಜ್ಜೆಗೆ ಕಿವಿಗೊಡುತ್ತಿದ್ದ ಹಾಗೆಯೇ ಕೇಳಿದಳು. "ಎಡಗಾಲಿಂದು ಜೋರೈತಿ" ಎಂದಳು. "ಬಲಗಾಲಿಂದು ಮೆಟ್ಟತಾ ಮೆಟ್ಟತಾ ಬರತೈತಿ" ಎಂದ ಅಪ್ಪ. ಮೆಟ್ಟುವ ದಿನ ಬರಲಿಲ್ಲ.

ದಿನಕಾರ್ಯದ ಹೊತ್ತಿಗೆ ಹಿರಿಯರು ಸತ್ತವರ ಹೆಸರಲ್ಲಿ ಜೋಡನ್ನು ಯಾರಿಗಾದರೂ ಕೊಟ್ಟುಬಿಡು ಎಂದರು. ಗಜೇಂದ್ರಗಡದಿಂದ ಬಂದಿದ್ದ ಚಿಗವ್ವ, ಅವ್ವನ ತಂಗಿ, ಮೆಟ್ಟಿ ನೋಡಿದಳು. ಅವಳ ಪಾದ ಅದರೊಳಗೆ ದೋಣಿಯಲ್ಲಿ ಕೂತಂತೆ ಕೂತಿತು. ಓಣಿಯ ಹೆಂಗಸರಲ್ಲಿ ಯಾರಿಗೂ ಅದು ಬರಲಿಲ್ಲ. "ಇವು ಅಕಿ ಬ್ಯಾನಿ ಅಳತಿಗೆ ಮಾಡಿದ್ದು, ಮತ್ತ್ಯಾರಿಗೂ ಬರಂಗಿಲ್ಲ" ಎಂದು ಚಿಗವ್ವ ಅವನ್ನು ಅಪ್ಪನ ಮುಂದಿಟ್ಟಳು. ಅಪ್ಪ ಅವನ್ನು ಹಳೆಯ ಧೋತರದಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟ. ಮುಂಜಾನೆ ಯಾರಾದರೂ ಅಳತೆಗೆ ಬಂದರೆ ಮೊದಲು ನಗೆಯಾಡಿ ಕಳಿಸುತ್ತಿದ್ದವನು ಈಗ ಬೆನ್ನು ತಿರುಗಿಸಿ ಕೂಡುತ್ತಿದ್ದ. ಜಕ್ಕಲಿಯಿಂದ, ಅಸೂಟಿಯಿಂದ ಬರುತ್ತಿದ್ದವರು ಬಸ್ಸು ತಪ್ಪುತ್ತದೆಂದು ಬೇಸತ್ತು ಅಂಗಡಿಯ ಚಪ್ಪಲಿ ಕೊಳ್ಳತೊಡಗಿದರು. ಕೆಲಸದ ನಡುವೆ ಒಮ್ಮೊಮ್ಮೆ ತನ್ನಷ್ಟಕ್ಕೆ ತಾನೇ, "ಮುಂಜಾನಿ ಅಳತಿ" ಅನ್ನುತ್ತಿದ್ದ.

ನಾನು ನರಗುಂದಕ್ಕೆ ಮದುವೆಯಾಗಿ ಬಂದೆ. ಮುಂದೆ ಅಪ್ಪನೂ ತನ್ನ ಕಲ್ಲು ಹೊರಿಸಿಕೊಂಡು ನನ್ನಲ್ಲಿಗೆ ಬಂದ. ಈಗ ನಾನು ಮಾಡುವುದು ಚೀಲ, ಬೆಲ್ಟು, ಸಣ್ಣ ಪಾಕೀಟು. ಮೊಬೈಲಿನಲ್ಲಿ ಫೋಟೋ ನೋಡಿ ತರಿಸಿಕೊಳ್ಳುತ್ತಾರೆ. ಹೊಸದಾಗಿ ಕಲಿಯುವ ಹುಡುಗಿಯರು ಫೋನು ಮಾಡಿ ಕೇಳುತ್ತಾರೆ, ಯಾವ ಚರ್ಮ ಕೊಳ್ಳಬೇಕು, ಏನು ಹತ್ಯಾರ ಬೇಕು ಎಂದು. ನಾನು ಹೇಳುವುದು ಇಷ್ಟೇ. ಹೊಳಪಿಗೆ ಮರುಳಾಗಬೇಡಿ, ಒಂದು ಹನಿ ನೀರು ಹಾಕಿ ನೋಡಿ, ತೊಗಟೆಯಲ್ಲಿ ಹದವಾದ ಚರ್ಮ ಅದನ್ನು ಕುಡಿಯುತ್ತದೆ, ಬಣ್ಣ ಬಳಿದದ್ದು ಉರುಳಿಸುತ್ತದೆ. ಹತ್ಯಾರ ಹತ್ತು ಬೇಡ, ಒಂದು ಚೂಪಾದ ರಂಪಿಗೆ ಸಾಕು. ಮೊಂಡ ಹತ್ಯಾರವೇ ಕೈ ಕೊಯ್ಯುವುದು. ದಾರಕ್ಕಿಂತ ತೂತು ಸಣ್ಣದಿರಲಿ. ಮತ್ತು ಮಾಡಿದ್ದನ್ನು ಸುಮ್ಮನೆ ಇಡಬೇಡಿ. ಎಷ್ಟೇ ಎಣ್ಣೆ ಉಣಿಸಿದರೂ ಬಳಸದ ಚರ್ಮ ಒಳಗಿನಿಂದ ಒಣಗುತ್ತದೆ. ಅದಕ್ಕೆ ಮೈಯ ಕಾವು ಬೇಕು, ದಿನಾಲೂ ಬಾಗಬೇಕು. ಈ ಕೊನೆಯ ಮಾತು ಹೇಳುವಾಗ ನನಗೆ ಮಾಡದಲ್ಲಿದ್ದ ಆ ಜೋಡು ಕಣ್ಣ ಮುಂದೆ ಬರುತ್ತದೆ. ಅಪ್ಪ ಕೊನೆಯ ವರ್ಷದವರೆಗೂ ಅದಕ್ಕೆ ಎಣ್ಣೆ ತಿಕ್ಕಿದ. ಒಮ್ಮೆ ನಾನು, "ಡಾಕ್ಟರು ಅವತ್ತ ಹೇಳಿದ್ರಲ್ಲಪಾ, ಇನ್ನಾದ್ರೂ ಬಿಡು" ಎಂದೆ. ಅವನು ಎಣ್ಣೆಯ ಕೈ ನಿಲ್ಲಿಸಲಿಲ್ಲ. "ಅವರು ಅಕಿ ಕಾಲು ನೋಡಿದ್ದು ಒಂದ ದಿನ" ಎಂದ.

ಹೋದ ತಿಂಗಳು ಸಂಜೆ ಕಸ ಗುಡಿಸುತ್ತಿದ್ದಾಗ ಮಗಳು ನನ್ನ ಪಾದ ನೋಡಿ, "ಯವ್ವಾ, ಕಾಲು ಬಾತಾವಲ್ಲಬೇ, ಎಲ್ಲರೆ ಎಡವಿದ್ಯೇನು?" ಎಂದಳು. ಎಡವಿರಲಿಲ್ಲ. ನನ್ನ ಕಾಲಲ್ಲಿ ಇದ್ದದ್ದು ಸಡಿಲವಾದ ಮನೆ ಚಪ್ಪಲಿ. ಅವಳೇ ಹಟ ಮಾಡಿ ದವಾಖಾನೆಗೆ ಕರೆದೊಯ್ದಳು. ರಕ್ತದ ಚೀಟಿಯನ್ನೂ ಹೊಟ್ಟೆಯ ಸ್ಕ್ಯಾನನ್ನೂ ನೋಡಿದ ಡಾಕ್ಟರಮ್ಮ, "ನಿಮ್ಮ ತಾಯಿಗೂ ಹಿಂಗ ಇತ್ತೇನ್ರಿ? ಇದು ಮನೆತನದಾಗ ಇಳಕೊಂತ ಬರೂ ಕಿಡ್ನಿ ಬ್ಯಾನಿ. ಲಗೂ ಬಂದೀರಿ, ಚಲೋ ಆತು, ಗುಳಿಗಿ ತಪ್ಪಸಬ್ಯಾಡ್ರಿ" ಎಂದರು. ಮಗಳು ಅತ್ತಳು. ನನಗೆ ಅಳು ಬರಲಿಲ್ಲ. ನಾನು ಅಪ್ಪನನ್ನು ನೆನೆಯುತ್ತಿದ್ದೆ. ಈ ಮಾತು ಒಂದು ವರ್ಷ ಮೊದಲು ಬಂದಿದ್ದರೆ ಅವನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಇಳಿದ ಜಾಗದಲ್ಲಿ ಇನ್ನೊಂದು ಏರುತ್ತಿತ್ತು. ಎರಡರಲ್ಲಿ ಯಾವುದು ಹಗುರ ಎಂದು ನನಗೆ ಇವತ್ತಿಗೂ ತಿಳಿಯದು.

ನಿನ್ನೆ ಹೊತ್ತು ಮುಳುಗುವ ಮುಂಚೆ ಆ ಜೋಡಿಗೆ ಎಣ್ಣೆ ತಿಕ್ಕಿ ಮುಗಿಸಿದೆ. ಧೋತರದಲ್ಲಿ ಸುತ್ತಲು ಹೋದವಳು ಸುತ್ತಲಿಲ್ಲ. ಅಪ್ಪನ ಕಲ್ಲಿನ ಮುಂದೆ, ಅವನು ಗಿರಾಕಿಗಳಿಗೆ ಇಡುತ್ತಿದ್ದ ಹಾಗೆ, ನೆಲಕ್ಕಿಟ್ಟೆ. ಕಾಲು ತೂರಿಸಿದೆ. ಪಟ್ಟಿ ಎಲ್ಲೂ ಒತ್ತಲಿಲ್ಲ, ಹಿಮ್ಮಡಿ ಎಲ್ಲೂ ಜಾರಲಿಲ್ಲ. ಮೇಕೆಯ ತೊಗಲು ತಣ್ಣಗೆ ತಾಗಿ, ನಿಧಾನವಾಗಿ ಬೆಚ್ಚಗಾಯಿತು. ಖೋಲಿಯಿಂದ ಅಡುಗೆಮನೆಯ ಕಡೆ ನಡೆದೆ. ಬಲಗಾಲಿನದು ಸುಮ್ಮನಿತ್ತು. ಎಡಗಾಲಿನದು ಕಿರ್ ಅಂದಿತು.

"ಯಾರ ಬಂದ್ರಬೇ?" ಎಂದು ಒಳಗಿನಿಂದ ಮಗಳು ಕೇಳಿದಳು.