ಬುಷ್‌ನಲ್ಲಿ ಸಿಕ್ಕಿಕೊಂಡ ಕೈ

ತೆಲಂಗಾಣ ರಾಜ್ಯವಾದ ಮರುವರ್ಷ, 2015. ಹೈದರಾಬಾದಿನ ಕಾಲೇಜೊಂದರಲ್ಲಿ ನಾನು ಮನಶ್ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದೆ. ತಾಸುಗಟ್ಟಲೆ ತಿಣುಕಿದ ಸಮಸ್ಯೆಗೆ ಉತ್ತರ ಒಮ್ಮೆಲೇ ಹೊಳೆಯುವುದು ಹೇಗೆ ಎಂಬುದು ನನ್ನ ಸಂಶೋಧನೆಯ ವಿಷಯ. ಇಂಗ್ಲಿಷಿನಲ್ಲಿ ಇನ್‌ಸೈಟ್ ಎನ್ನುವ ಇದನ್ನು ನಾನು ಹೊಳಹು ಎನ್ನುತ್ತೇನೆ.

ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ಬೇಸತ್ತಿದ್ದ ನಾನು, ಬಾಲಾನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಆರು ತಿಂಗಳು ಕೂರಲು ಅನುಮತಿ ಪಡೆದೆ. ಮೂವತ್ತಾರು ಕಾರ್ಮಿಕರಿಗೆ ಒಂಬತ್ತು ಚುಕ್ಕೆಗಳ ಕಾಗದ ಕೊಟ್ಟು, ಪೆನ್ನೆತ್ತದೆ ನಾಲ್ಕೇ ನೇರ ಗೆರೆಯಲ್ಲಿ ಎಲ್ಲ ಚುಕ್ಕೆಗಳನ್ನೂ ಸೇರಿಸಿ ಎಂದು ಹೇಳಿ ಗಡಿಯಾರ ನೋಡುತ್ತಿದ್ದೆ. ಮ್ಯಾನೇಜರ್ ರೆಡ್ಡಿಯವರು ವಾರಕ್ಕೊಮ್ಮೆಯಾದರೂ ನಗುತ್ತ, "ಇಸ್ ಸೆ ಫಾಯದಾ ಕ್ಯಾ ಹೈ, ಮೇಡಂ?" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದರ ಫಾಯಿದೆ ಏನೆಂಬ ಮಾತನ್ನು ತೇಲಿಸಿ, ಮುಂದಿನವನ ಕೈಗೆ ಕಾಗದ ಕೊಡುತ್ತಿದ್ದೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಂಗಳದಲ್ಲಿ ಚೀರಾಟ ಕೇಳಿಸಿತು. ಮಲ್ಲಪ್ಪನೆಂಬ ಫಿಟ್ಟರ್, ಯಾದಗಿರಿ ಕಡೆಯವನು, ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದ ಭಾರಿ ಉಕ್ಕಿನ ಚೌಕಟ್ಟಿಗೆ ಒರಗಿ ನಿಂತಿದ್ದ. ಚೌಕಟ್ಟಿನ ತೂತಿಗೆ ಬುಷ್ ಎಂಬ ದಪ್ಪ ಉಕ್ಕಿನ ಬಳೆಯಂಥ ಭಾಗವನ್ನು ಒತ್ತಿ ಕೂರಿಸಿರುತ್ತಾರೆ. ಅದರ ನುಣುಪನ್ನು ಬೆರಳಾಡಿಸಿ ನೋಡುವುದು ಅಲ್ಲಿನ ರೂಢಿ. ಮಲ್ಲಪ್ಪನೂ ಹಾಗೇ ನೋಡುತ್ತಿದ್ದಾಗ, ಆಚೆ ಸಿಕ್ಕಿಕೊಂಡಿದ್ದ ಕಬ್ಬಿಣದ ಚೂರು ತೆಗೆಯಲು ಬಲಗೈಯನ್ನು ಪೂರಾ ಒಳಕ್ಕೆ ತುರುಕಿದ್ದ. ಹಿಂದಕ್ಕೆ ಎಳೆದುಕೊಳ್ಳುವಾಗ ಹೆಬ್ಬೆರಳಿನ ಬುಡ ಅಡ್ಡ ಬಂದಿತು.

ಎಣ್ಣೆ ಸುರಿದು ಇಬ್ಬರು ಎಳೆದರು. ಗ್ರೀಸ್ ಹಚ್ಚಿ ನಾಲ್ವರು ಎಳೆದರು. ಎಳೆದಷ್ಟೂ ಕೈ ಊದಿತು. ಗ್ರೈಂಡರ್ ಹಿಡಿದರೆ, ಹದ ಮಾಡಿದ ಆ ಉಕ್ಕು ಕತ್ತರಿಸುವ ಬದಲು ಕಾಯತೊಡಗಿ ಮಲ್ಲಪ್ಪ ಕೂಗಿಕೊಂಡ. ಒಂದು ತಾಸು ಕಳೆಯಿತು. ಆಚೆ ಬದಿಯಲ್ಲಿ ಕಾಣುತ್ತಿದ್ದ ಬೆರಳುಗಳು ನೀಲಿಗೆ ತಿರುಗುತ್ತಿದ್ದವು. ಹೊರಟ ಆಂಬುಲೆನ್ಸ್ ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಲುಕಿತ್ತು. ತಡವಾದರೆ ಬೆರಳುಗಳು ಉಳಿಯುವುದು ಕಷ್ಟ ಎಂದು ಆಸ್ಪತ್ರೆಯ ವೈದ್ಯರು ಫೋನಿನಲ್ಲೇ ಹೇಳಿದರು. "ಬಲಗೈ ರೀ ಅಕ್ಕಾರ, ಇದು ಹೋದ್ರ ನಾ ಏನ್ ಮಾಡ್ಲಿ?" ಎಂದು ಮಲ್ಲಪ್ಪ ನನ್ನನ್ನು ಕೇಳಿದ. ಕನ್ನಡ ಬರುವವಳು ಎಂಬುದಷ್ಟೇ ಅವನಿಗೆ ನನ್ನಲ್ಲಿದ್ದ ಭರವಸೆ.

ರೆಡ್ಡಿಯವರು ಮತ್ತೆ ಗ್ರೈಂಡರ್ ತರಿಸಿದರು. ಆಗ ನನಗೆ ನನ್ನದೇ ಪಾಠ ನೆನಪಾಯಿತು. ಸಿಕ್ಕಿಬಿದ್ದ ಮನಸ್ಸು ಸೋತ ಉಪಾಯವನ್ನೇ ಇನ್ನಷ್ಟು ಜೋರಾಗಿ ಮಾಡುತ್ತದೆ. ಇದನ್ನು ಫಿಕ್ಸೇಷನ್ ಎನ್ನುತ್ತೇವೆ. ಬಿಡುವು ಸಿಕ್ಕರೆ, ಸಮಸ್ಯೆಯನ್ನು ಬೇರೆ ಕಣ್ಣು ನೋಡಿದರೆ, ಹೊಳಹಿಗೆ ಜಾಗ ಸಿಗುತ್ತದೆ. ಹತ್ತು ನಿಮಿಷ ಎಲ್ಲ ನಿಲ್ಲಿಸಿ, ಇಲ್ಲಿಯವರೆಗೆ ಎಳೆದವರೆಲ್ಲ ಹೊರಗೆ ಹೋಗಲಿ ಎಂದೆ.

"ಮೇಡಂ, ಯೇ ಆಪ್‌ಕಾ ಪಜಲ್ ನಹೀ ಹೈ," ಇದು ನಿಮ್ಮ ಚುಕ್ಕೆಗಳ ಒಗಟಲ್ಲ ಎಂದು ರೆಡ್ಡಿ ಗದರಿದರು. ನಾನೂ ದನಿ ಏರಿಸಿ, ಹತ್ತೇ ನಿಮಿಷ, ಆಮೇಲೆ ನಿಮ್ಮಿಷ್ಟ ಎಂದೆ. ನನ್ನ ಮಾತು ತಪ್ಪಾದರೆ ಆ ಹತ್ತು ನಿಮಿಷಕ್ಕೆ ಮಲ್ಲಪ್ಪನ ಬೆರಳುಗಳೇ ಬೆಲೆಯಾಗುತ್ತವೆಂದು ನನಗೆ ಗೊತ್ತಿತ್ತು.

ರೆಡ್ಡಿಯವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಗುಂಪು ಚದುರಿದಾಗ ಒಬ್ಬಳು ಉಳಿದಳು. ಅಂಗಳ ಗುಡಿಸುವ ಶರಣಮ್ಮ. ಆಕೆ ಎಳೆದವರ ಪೈಕಿ ಅಲ್ಲವಾದ್ದರಿಂದ ಹೊರಗೆ ಹೋಗಿರಲಿಲ್ಲ. ಅಷ್ಟು ಹೊತ್ತು ಗಂಡಸರ ಬೆನ್ನು ಬಿಟ್ಟರೆ ಆಕೆಗೆ ಏನೂ ಕಂಡಿರಲಿಲ್ಲ. ಈಗ ಚೌಕಟ್ಟನ್ನು ಸುತ್ತಿ ಬೆರಳುಗಳಿದ್ದ ಬದಿಗೆ ಹೋಗಿ ನೋಡಿದಳು.

"ತಮ್ಮಾ, ಹಿಂದಕ ಎಳೀಬ್ಯಾಡ. ಇನ್ನಾ ಮುಂದಕ ಬಾ."

ನಾನು ದಂಗಾದೆ. ಹೊರಗೆ ಬರಬೇಕಾದ ಕೈಯನ್ನು ಆಕೆ ಮಣಿಕಟ್ಟಿನವರೆಗೂ ಒಳಕ್ಕೆ ಬರಮಾಡಿಕೊಂಡಳು. ಮಣಿಕಟ್ಟು ಸಣ್ಣದಲ್ಲವೇ, ಬುಷ್ ಸಡಿಲವಾಯಿತು. ತಣ್ಣೀರು ಹಾಕುತ್ತ ಬೆರಳು ನೀವಿದಳು. ನೀಲಿ ಬಣ್ಣ ನಿಧಾನವಾಗಿ ತಿಳಿಯಾಯಿತು. ಆಮೇಲೆ ತೆಳು ಪ್ಲಾಸ್ಟಿಕ್ ಕವರಿನ ತಳ ಹರಿದು, ಕೊಳವೆಯಂತೆ ಕೈಗೆ ತೊಡಿಸಿ, ಅದರ ಅಂಚನ್ನು ಬುಷ್‌ನೊಳಗೆ ತೂರಿಸಿ, ಮೇಲೆ ಸಾಬೂನು ನೀರು ಹಚ್ಚಿದಳು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ ಹಿಡಿದಳು.

"ಕೈ ಮೆತ್ತಗ ಬಿಡು. ನಿನ್ನ ಕೈ ಅಲ್ಲ ಅನ್ಕೋ."

ಒಂದು ಒತ್ತು, ಒಂದು ಸಣ್ಣ ತಿರುವು. ಕೈ ಹೊರಬಂತು. ಮಲ್ಲಪ್ಪ ನೆಲಕ್ಕೆ ಕುಸಿದು ಮಕ್ಕಳಂತೆ ಅತ್ತ. ನಾನೂ ಅತ್ತೆ. ಅವನ ಐದೂ ಬೆರಳು ಉಳಿದವು.

ಇದೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. "ಸುಲ್ತಾನ್ ಬಜಾರ್‌ದಾಗ ಹನ್ನೆರಡು ವರ್ಷ ಹೆಣ್ಮಕ್ಕಳ ಕೈಗೆ ಬಳಿ ಇಡಸೀನ್ರಿ. ಸಿಕ್ಕೊಂಡ ಬಳಿ ಎಳದ್ರ ಬರಂಗಿಲ್ಲ. ಬಳಿ ಹಂಗ ಇರ್ತೈತಿ, ಕೈನ ಸಣ್ಣದು ಮಾಡಬೇಕು," ಎಂದಳು. ನಾವೆಲ್ಲ ಒಂದು ತಾಸು ಉಕ್ಕಿನ ಜೊತೆ ಗುದ್ದಾಡಿದ್ದೆವು.

ಹೋಗುವಾಗ ಆಕೆ ತಿರುಗಿ ಕೇಳಿದಳು. "ಎಲ್ಲಾರಿಗೂ ಚುಕ್ಕಿ ಕಾಗದ ಕೊಟ್ರಿ ಅಕ್ಕಾರ. ನನಗ ಯಾಕ ಕೊಡಲಿಲ್ರಿ?"

ಗುಡಿಸುವವಳಿಗೆ ಯಾಕೆ ಎಂದುಕೊಂಡಿದ್ದೆ, ಅಷ್ಟೇ. ಮರುದಿನ ಕೊಟ್ಟೆ. ಹದಿನೈದು ನಿಮಿಷ ಕೂತರೂ ಆಕೆಗೆ ಆ ಚುಕ್ಕೆ ಸೇರಿಸಲು ಆಗಲಿಲ್ಲ.

ರೆಡ್ಡಿಯವರು ಮತ್ತೆಂದೂ ಫಾಯಿದೆ ಕೇಳಲಿಲ್ಲ. ಕೇಳಿದ್ದರೆ ಈಗ ಹೇಳುತ್ತಿದ್ದೆ: ನನ್ನ ವಿದ್ಯೆ ಗಳಿಸಿಕೊಟ್ಟದ್ದು ಹತ್ತು ನಿಮಿಷ, ಉತ್ತರ ಇದ್ದದ್ದು ನಾನು ಲೆಕ್ಕಕ್ಕೇ ಹಿಡಿಯದವಳಲ್ಲಿ. ಫಿಕ್ಸೇಷನ್ ಬಗ್ಗೆ ಪಾಠ ಹೇಳುವವಳಿಗೂ ಅದು ಬಿಟ್ಟಿರಲಿಲ್ಲ. ಅಂದಿನಿಂದ ನಿವೃತ್ತಿಯವರೆಗೆ, ಯಾರ ಮುಂದೆ ಚುಕ್ಕೆ ಇಡುವುದಕ್ಕೂ ಮೊದಲು ನನ್ನ ಮೊದಲ ಪ್ರಶ್ನೆ ಒಂದೇ ಆಗಿತ್ತು: ಈ ಕೆಲಸಕ್ಕೆ ಬರುವ ಮೊದಲು ನೀವು ಏನು ಮಾಡುತ್ತಿದ್ದಿರಿ?